1952ರ ಕೊಡಗು ಚುನಾವಣೆ: ನಿಮ್ಮ ನಾಡಿನ ಫಲಿತಾಂಶ ಹುಡುಕಿ ಸರಿಯಾಗಿ ಓದುವುದು ಹೇಗೆ

ಶಾಲೆಯ ಸ್ಮರಣ ಸಂಚಿಕೆಗೋ ಐನ್‌ಮನೆಯ (ಮನೆತನದ ಮೂಲ ಮನೆಯ) ಚರಿತ್ರೆಗೋ 1952ರ ಚುನಾವಣೆಯ ಬಗ್ಗೆ ಬರೆಯಲು ಕುಳಿತವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ: ಇಬ್ಬರು ಗೆಲ್ಲುತ್ತಿದ್ದ ಕ್ಷೇತ್ರಗಳಲ್ಲಿ, ಮತ್ತು ‘ಪಕ್ಷೇತರ’ ಎಂಬ ಕಾಲಮ್ಮಿನಲ್ಲಿ. ಇವೆರಡು ಅರ್ಥವಾದರೆ ಉಳಿದದ್ದು ಬರೀ ತಾಳ್ಮೆಯ ಕೆಲಸ.

ಮೊದಲು ಕಾಗದ ಎಲ್ಲಿದೆ ನೋಡೋಣ. ಚುನಾವಣಾ ಆಯೋಗದ ಜಾಲತಾಣದಲ್ಲಿ ಹಳೆಯ ಚುನಾವಣೆಗಳ ಅಂಕಿಅಂಶ ವರದಿಗಳು ಪಿಡಿಎಫ್ ರೂಪದಲ್ಲಿವೆ. ಅಲ್ಲಿ ಕರ್ನಾಟಕವನ್ನಾಗಲಿ ಮೈಸೂರನ್ನಾಗಲಿ ಒತ್ತಿದರೆ ಕೊಡಗಿನ ಲೆಕ್ಕ ಸಿಗದು. 1956ರ ನವೆಂಬರ್ 1ರವರೆಗೆ ಕೊಡಗು ‘ಸಿ’ ದರ್ಜೆಯ, ಅಂದರೆ ದೆಹಲಿಯ ಹಿಡಿತದಲ್ಲಿದ್ದ, ಪ್ರತ್ಯೇಕ ರಾಜ್ಯ. ಹಾಗಾಗಿ ‘ಕೂರ್ಗ್’ ಎಂದೇ ಹುಡುಕಬೇಕು. ಇನ್ನೊಂದು ತೊಡಕು ಇಸವಿಯದು. ಮೊದಲ ಮಹಾಚುನಾವಣೆ ಶುರುವಾದದ್ದು 1951ರ ಅಕ್ಟೋಬರಿನಲ್ಲಿ. ಅದಕ್ಕೇ ವರದಿಯ ಮೇಲೆ 1951 ಎಂದಿದೆ. ನಮ್ಮ ಊರುಗಳಲ್ಲಿ ಬಾಯಿಗೆ ಬರುವುದು 1952. ಎರಡೂ ಒಂದೇ ಚುನಾವಣೆ. 1952ರ ಮಾರ್ಚ್ 27 ಮುಖ್ಯಮಂತ್ರಿ ಸಿ. ಎಂ. ಪೂಣಚ್ಚನವರ ಸರಕಾರ ಅಧಿಕಾರಕ್ಕೆ ಬಂದ ದಿನ. ಅದನ್ನೇ ಮತದಾನದ ದಿನವೆಂದು ಬರೆದದ್ದು ಕಂಡರೆ ನಕಲು ಮಾಡಬೇಡಿ.

ವಿಧಾನಸಭೆಗೆ 24 ಸ್ಥಾನ, ಕ್ಷೇತ್ರಗಳು 18. ಅವುಗಳಲ್ಲಿ 12 ಏಕಸದಸ್ಯ, 6 ದ್ವಿಸದಸ್ಯ. ಕಾಂಗ್ರೆಸ್ 15, ಪಕ್ಷೇತರರು 9. ಚೆಪ್ಪುಡೀರ ಎಂ. ಪೂಣಚ್ಚ ಮುಖ್ಯಮಂತ್ರಿ; ಅವರ ಜೊತೆ ಮಂತ್ರಿಯಾದವರು ಕುಟ್ಟೂರು ಮಲ್ಲಪ್ಪ ಒಬ್ಬರೇ. ಈಗ ಅದೇ ನೆಲಕ್ಕೆ ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರ. ಆದ್ದರಿಂದ ಇವತ್ತಿನ ಕ್ಷೇತ್ರವನ್ನು ಅಂದಿನದರ ಮೇಲೆ ಹೊಂದಿಸಲು ಹೋಗದೆ ನಾಡಿನ (ಕೊಡಗಿನಲ್ಲಿ ಊರುಗಳ ಗುಂಪಿಗೆ ಹೀಗೆನ್ನುತ್ತಾರೆ) ಹೆಸರಿನಿಂದ ಹುಡುಕಿ. ಆಗಿನ ಬಹಳಷ್ಟು ಕ್ಷೇತ್ರಗಳ ಹೆಸರಿನ ಕೊನೆಯಲ್ಲಿ ‘ನಾಡ್’ ಎಂದೇ ಇದೆ. ಇಂಗ್ಲಿಷ್ ಕಾಗುಣಿತ ಹಳೆಯದು: ಮಡಿಕೇರಿ ‘ಮರ್ಕೆರಾ’ ಆಗಿರುತ್ತದೆ, ಕುಶಾಲನಗರ ‘ಫ್ರೇಜರ್‌ಪೇಟೆ’ ಆಗಿರುತ್ತದೆ. ಕಂಪ್ಯೂಟರಿನ ಹುಡುಕು ಪೆಟ್ಟಿಗೆಯನ್ನು ನಂಬಿ ‘ಇಲ್ಲ’ ಎಂದು ಕೈಬಿಡದೆ ಪುಟ ಪುಟವಾಗಿ ಕಣ್ಣಾಡಿಸಿ. ಇದ್ದದ್ದೇ ಹದಿನೆಂಟು ಕ್ಷೇತ್ರ, ಒಂದು ಸಂಜೆಯ ಕೆಲಸ.

ಇನ್ನು ದ್ವಿಸದಸ್ಯ ಕ್ಷೇತ್ರ. ಇಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಮೀಸಲು, ಇನ್ನೊಂದು ಸಾಮಾನ್ಯ. ಪ್ರತಿ ಮತದಾರನಿಗೂ ಎರಡು ಓಟು. ಎರಡನ್ನೂ ಒಬ್ಬನೇ ಅಭ್ಯರ್ಥಿಗೆ ಹಾಕುವಂತಿರಲಿಲ್ಲ. ಎಣಿಕೆ ಮುಗಿದ ಮೇಲೆ ಮೊದಲು ಮೀಸಲು ಸ್ಥಾನ ತುಂಬಬೇಕು: ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಮತವೋ ಅವರಿಗೆ. ಆಮೇಲೆ ಉಳಿದ ಎಲ್ಲರಲ್ಲಿ, ಜಾತಿ ನೋಡದೆ, ಯಾರಿಗೆ ಹೆಚ್ಚೋ ಅವರಿಗೆ ಸಾಮಾನ್ಯ ಸ್ಥಾನ.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ. ಮತಗಟ್ಟೆಗೆ ಬಂದವರು 8,000. ಸಾಮಾನ್ಯ ಅಭ್ಯರ್ಥಿ ‘ಅ’ಗೆ 4,200, ‘ಆ’ಗೆ 3,900, ಪರಿಶಿಷ್ಟ ಅಭ್ಯರ್ಥಿ ‘ಇ’ಗೆ 3,600, ‘ಈ’ಗೆ 2,700. ಗೆದ್ದವರು ‘ಇ’ ಮತ್ತು ‘ಅ’. ‘ಆ’ಗೆ ‘ಇ’ಗಿಂತ 300 ಓಟು ಹೆಚ್ಚಿದ್ದರೂ ಸೋಲು. ಪಟ್ಟಿಯಲ್ಲಿ ಎರಡನೆಯ ಸಾಲಿನಲ್ಲಿದ್ದ ಹೆಸರನ್ನೇ ‘ಎರಡನೇ ವಿಜೇತ’ ಎಂದು ಬರೆದುಬಿಡುವ ತಪ್ಪು ಹುಟ್ಟುವುದು ಇಲ್ಲೇ. ‘ಇ’ಗೆ 4,500, ‘ಈ’ಗೆ 4,300 ಬಂದು ‘ಅ’, ‘ಆ’ ಇಬ್ಬರಿಗೂ 3,500ರಂತೆ ಬಂದಿದ್ದರೆ ಎರಡೂ ಸ್ಥಾನ ಪರಿಶಿಷ್ಟರಿಗೇ ಹೋಗುತ್ತಿತ್ತು; ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಅದೇ ಮೊದಲಿನ ಲೆಕ್ಕದಲ್ಲಿ ಒಟ್ಟು ಮತ 14,400. ಬಂದವರಿಗಿಂತ ಜಾಸ್ತಿ! ಇದನ್ನು ಕಂಡು ಅಕ್ರಮದ ಕತೆ ಕಟ್ಟುವವರೂ ಇದ್ದಾರೆ. 8,000 ಜನರ ಎರಡೆರಡು ಓಟು ಸೇರಿದರೆ 16,000 ಆಗಬೇಕಿತ್ತು. 1,600 ಕಡಿಮೆ ಬಂದಿರುವುದು ಎರಡನೇ ಓಟನ್ನು ಹಾಕದೇ ಹೋದವರಿಂದ, ತಿರಸ್ಕೃತವಾದವುಗಳಿಂದ. ಹಾಗಾಗಿ ಮತಗಳ ಮೊತ್ತವನ್ನು ಎರಡರಿಂದ ಭಾಗಿಸಿ ಮತದಾನದ ಪ್ರಮಾಣ ಹೇಳಿದರೂ ತಪ್ಪೇ. ಇಲ್ಲಿ 7,200 ಎಂದು ಬರುತ್ತದೆ, ನಿಜವಾಗಿ ಬಂದವರು 8,000. ಆರು ದ್ವಿಸದಸ್ಯ ಕ್ಷೇತ್ರಗಳನ್ನು ಬೇರೆ ಹಾಳೆಯಲ್ಲಿಡಿ. ಇಡೀ ರಾಜ್ಯದ ಪಕ್ಷವಾರು ಶೇಕಡಾವಾರು ಕೊಡುವಾಗ ‘ಇದು ಮತಗಳ ಪಾಲು, ಮತದಾರರ ಪಾಲಲ್ಲ’ ಎಂಬ ಟಿಪ್ಪಣಿ ಇರಲಿ.

ಪಕ್ಷೇತರರ ವಿಷಯ. ಆ ಚುನಾವಣೆಯ ದೊಡ್ಡ ಜಗಳ ಕೊಡಗು ಬೇರೆಯಾಗಿ ಉಳಿಯಬೇಕೆ, ಮೈಸೂರಿಗೆ ಸೇರಬೇಕೆ ಎಂಬುದು. ವಿಲೀನ ಬೇಡವೆಂದವರ ಮುಂದಾಳು ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪ. ಅವರ ಗುಂಪಿಗೆ ಚಿಹ್ನೆಯಿಂದಾಗಿ ‘ತಕ್ಕಡಿ ಪಾರ್ಟಿ’ ಎಂಬ ಹೆಸರು ಬಿತ್ತು. ಆದರೆ ವರದಿಯಲ್ಲಿ ತಕ್ಕಡಿ ಪಾರ್ಟಿ ಎಂಬ ಸಾಲಿಲ್ಲ, ಎಲ್ಲರೂ ‘ಪಕ್ಷೇತರ’. ಆದ್ದರಿಂದ ಗೆದ್ದ 9 ಜನರನ್ನೂ ಕಣ್ಣುಮುಚ್ಚಿ ತಕ್ಕಡಿಯವರೆನ್ನಬೇಡಿ, ಸೋತ ಪಕ್ಷೇತರರನ್ನಂತೂ ಖಂಡಿತ ಬೇಡ. ಕರಪತ್ರ, ಅಂದಿನ ಪತ್ರಿಕೆ, ವಿಧಾನಸಭೆಯ ನಡವಳಿಯಲ್ಲಿ ಅವರು ಹೇಗೆ ನಿಂತರು ಎಂಬುದರಲ್ಲಿ ಒಂದಾದರೂ ಕೈಯಲ್ಲಿರಬೇಕು. ಪತ್ರಿಕೆ ಹುಡುಕುವವರಿಗೆ ಒಂದು ಮಾತು: ಮಡಿಕೇರಿಯ ‘ಶಕ್ತಿ’ ಶುರುವಾದದ್ದು 1957ರಲ್ಲಿ. 1952ರ ಸುದ್ದಿಗೆ ಅದರ ಕಟ್ಟು ಬಿಚ್ಚಿ ಪ್ರಯೋಜನವಿಲ್ಲ.

ಇಡೀ ಕೊಡಗು ಒಟ್ಟಾಗಿ ಒಂದೇ ಹುದ್ದೆಗೆ ಓಟು ಹಾಕಿದ್ದು ಲೋಕಸಭೆಗೆ ಮಾತ್ರ. ಗೆದ್ದವರು ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣ. ರಾಜ್ಯದ ಆಡಳಿತದ ಮೇಲೆ ಕುಳಿತ ಚೀಫ್ ಕಮಿಷನರ್ ಜನ ಆರಿಸಿದವರಲ್ಲ, ದೆಹಲಿ ನೇಮಿಸಿದವರು. ಹಾಗಾಗಿ ‘ರಾಜ್ಯವೆಲ್ಲ ಏನೆಂದಿತು’ ಎಂದು ಅಳೆಯುವವರು ಲೋಕಸಭೆಯ ಪುಟವನ್ನೂ ತೆಗೆಯಬೇಕು, ಅದು ಬೇರೆ ವರದಿಯಲ್ಲಿದೆ.

ಹೆಸರುಗಳಲ್ಲಿ ಇನಿಷಿಯಲ್ ಬಿಡಿಸದೆ ಮುಂದೆ ಹೋಗಬೇಡಿ. ಕೊಡವರಲ್ಲಿ, ಅರೆಭಾಷೆ ಗೌಡರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ: ಸಿ. ಎಂ. ಪೂಣಚ್ಚ ಎಂಬಲ್ಲಿ ‘ಸಿ’ ಎಂದರೆ ಚೆಪ್ಪುಡೀರ. ಬರೀ ‘ಬೆಳ್ಯಪ್ಪ’, ‘ಚೆಂಗಪ್ಪ’ ಎಂದರೆ ಪ್ರತಿ ಕೇರಿಯಲ್ಲೂ ನಾಲ್ಕು ಜನ ಸಿಗುತ್ತಾರೆ. ಇಂಗ್ಲಿಷಿನ ಒಂದಕ್ಷರ ಯಾವ ಮನೆಯದು ಎಂಬುದನ್ನು ಆ ಐನ್‌ಮನೆಯವರ ಬಾಯಿಂದಲೇ ಖಚಿತಪಡಿಸಿಕೊಳ್ಳಿ.

ಹಿರಿಯರನ್ನು ಮಾತಾಡಿಸಲು ಕಾಫಿ ಕೊಯ್ಲಿನ ತಿಂಗಳುಗಳು ಬೇಡ. ಮನೆಮಂದಿ ತೋಟದಲ್ಲಿರುತ್ತಾರೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಎಲ್ಲರೂ ಒಳಗಿರುತ್ತಾರೆ. ಆಗ ಓಟು ಹಾಕಲು 21 ತುಂಬಿರಬೇಕಿತ್ತು, ಅಂದರೆ ಆಗ ಓಟು ಹಾಕಿದವರಿಗೆ ಈಗ ತೊಂಬತ್ತೈದರ ಹತ್ತಿರವೋ ಮೇಲೆಯೋ. ಅದಕ್ಕಿಂತ ಚಿಕ್ಕವರು ಹೇಳುವುದು ಕಂಡದ್ದು, ಕೇಳಿದ್ದು; ಹಾಗೆಂದೇ ಬರೆದುಕೊಳ್ಳಿ. ‘ಯಾರಿಗೆ ಹಾಕಿದಿರಿ ಅಜ್ಜ’ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ‘ಮತಗಟ್ಟೆ ಎಲ್ಲಿತ್ತು, ಗೋಡೆ ಮೇಲೆ ಯಾವ ಗುರುತು ಬರೆದಿದ್ದರು, ಹೆಂಗಸರು ಹೋಗುತ್ತಿದ್ದರಾ’ ಎಂದು ಶುರು ಮಾಡಿ.

ನೆನಪು ಯಾವ ಚುನಾವಣೆಯದು ಎಂದು ಪರೀಕ್ಷಿಸಲು ಪೆಟ್ಟಿಗೆ ಸಾಕು. 1952ರಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರಿರಲಿಲ್ಲ, ಮುದ್ರೆ ಒತ್ತುವುದೂ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಅವನ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಮರೆಯಲ್ಲಿ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. 1957ರಲ್ಲೂ ಹೀಗೇ. ಚಿಹ್ನೆಗಳನ್ನೆಲ್ಲ ಅಚ್ಚು ಹಾಕಿದ ಒಂದೇ ಹಾಳೆಗೆ ಮುದ್ರೆ ಒತ್ತಿದ ನೆನಪಾದರೆ ಅದು 1962 ಅಥವಾ ಆಮೇಲಿನದು. ಸಾಲು ಪೆಟ್ಟಿಗೆ ನೆನಪಿದೆ, ಆದರೆ 1952ವೋ 1957ವೋ ಗೊತ್ತಾಗುತ್ತಿಲ್ಲವೆಂದರೆ, ಆಗ ಕೊಡಗು ಮೈಸೂರಿಗೆ ಸೇರಿ ಆಗಿತ್ತೇ ಎಂದು ಕೇಳಿ. ಯಾರಾದರೂ ಅಭ್ಯರ್ಥಿಗಳ ಹೆಸರಿರುವ ‘1952ರ ಮತಪತ್ರ’ ತೋರಿಸಿದರೆ ಅದು ಪ್ರಚಾರದ ಚೀಟಿಯಾಗಿರಬೇಕು, ಇಲ್ಲವೇ ಮುಂದಿನ ಚುನಾವಣೆಯದು.

ಅಂಥ ಕಾಗದ ಸಿಕ್ಕರೆ ಮನೆಯಿಂದ ಹೊರಗೆ ಒಯ್ಯದೆ ಅಲ್ಲೇ ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಎರಡೂ ಬದಿಯ ಫೋಟೊ ತೆಗೆಯಿರಿ. ಮಳೆಗಾಲದ ತೇವಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಇಸ್ತ್ರಿ ಬೇಡ, ಒಲೆಯ ಮೇಲೆ ಒಣಗಿಸುವುದು ಬೇಡ. ಲ್ಯಾಮಿನೇಷನ್ ಅಂತೂ ಯಾರು ಹೇಳಿದರೂ ಬೇಡ. ಒಳಗೆ ಸಿಕ್ಕ ತೇವಕ್ಕೆ ಬೂಷ್ಟು ಹಿಡಿದರೆ ಬಿಡಿಸಲಾಗದು. ಫ್ಯಾನಿನ ಗಾಳಿ ದೂರದಿಂದ ತಾಗುವಂತೆ ಹರಡಿ, ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯಿರಿ. ಫೋಟೊದ ಹೆಸರಿನಲ್ಲಿ ನಾಡು, ಮನೆತನ, ಸಿಕ್ಕ ದಿನಾಂಕ ಮೂರೂ ಇರಲಿ, ಒಂದು ಪ್ರತಿ ಆ ಮನೆಯವರಿಗೆ ಕೊಟ್ಟು ಬನ್ನಿ.