ಕೊಲೆಯಾದವರ ವಕೀಲರಿಂದ ಏನು ಸಿಗುತ್ತದೆ, ಏನು ಸಿಗದು

ಮದ್ದೂರು ಕಡೆ ಗದ್ದೆ ವ್ಯಾಜ್ಯ ನಡೆಸುತ್ತಿದ್ದವರ ಕೊಲೆಯಾಗಿದೆ, ಆರೋಪಿ ಪತ್ತೆಯಾಗಿಲ್ಲವೆಂದು ಪೊಲೀಸರು ‘ಸಿ’ ರಿಪೋರ್ಟ್ ಹಾಕಿದ್ದಾರೆ ಎನ್ನಿ. ಮನೆಯವರು ಮಂಡ್ಯದ ವಕೀಲರ ಹತ್ತಿರ ಓಡುತ್ತಾರೆ: ‘ಸಾರ್, ನಮ್ಮಣ್ಣ ಯಾರ ಹೆಸರು ಹೇಳಿದ್ದ?’ ವಕೀಲರು ಬಾಯಿ ಬಿಡುವುದಿಲ್ಲ. ಬಿಡುವಂತೆಯೂ ಇಲ್ಲ.

ಮೊದಲು ತಾರೀಕು ನೋಡಿ. 2024ರ ಜುಲೈ 1ಕ್ಕೆ ಮುಂಚೆ ಶುರುವಾಗಿ ಅಂದಿಗೆ ಬಾಕಿಯಿದ್ದ ತನಿಖೆಗೆ 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಂ, ಆಮೇಲಿನದಕ್ಕೆ ಅದರ ಬದಲು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132. ತಿರುಳು ಒಂದೇ: ಕಕ್ಷಿದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ, ವೃತ್ತಿ ಸಂಬಂಧವಾಗಿ ಅವರು ಹೇಳಿದ್ದನ್ನು ಯಾವ ಕಾಲಕ್ಕೂ ಹೊರಗೆಡಹುವಂತಿಲ್ಲ. ವಕಾಲತ್ತು ಮುಗಿದರೂ ಹೊಣೆ ಉಳಿಯುತ್ತದೆ. ಸಾವಿನೊಂದಿಗೆ ಅದು ತೀರುತ್ತದೆಂದು ಎಲ್ಲೂ ಬರೆದಿಲ್ಲ. ಗುಮಾಸ್ತರಿಗೂ ಇದೇ ಕಟ್ಟು. ಅವರನ್ನು ಕಾಫಿಗೆ ಕರೆದು ವಿಚಾರಿಸುವ ಯೋಚನೆ ಬಿಡಿ.

ವಾರಸುದಾರರು ‘ನಮ್ಮ ಒಪ್ಪಿಗೆ ಇದೆ’ ಎಂದು ಬರೆದುಕೊಟ್ಟರೆ? ಗಂಡ ಹೆಂಡಿರ ಮಾತಿಗೆ ಸಂಬಂಧಿಸಿದ, ಅದೇ ಹೊಸ ಅಧಿನಿಯಮದ 128ನೇ ಕಲಮಿನಲ್ಲಿ ಪ್ರತಿನಿಧಿಯ ಒಪ್ಪಿಗೆಯ ಪ್ರಸ್ತಾಪವಿದೆ, 132ರಲ್ಲಿಲ್ಲ. ವಾರಸುದಾರರಲ್ಲೇ ಶಂಕಿತನಿರಬಹುದು, ಅದನ್ನೂ ಮರೆಯಬೇಡಿ. ಹಾಗಾಗಿ ಒಪ್ಪಿಗೆ ಪತ್ರವನ್ನು ನ್ಯಾಯಾಲಯದ ಮುಂದಿಟ್ಟು ಆದೇಶ ಕೇಳುವುದು ಕ್ಷೇಮ.

ಸತ್ತವರು ತಮ್ಮ ಸಾವಿಗೆ ಎಡೆಯಾದ ಸಂದರ್ಭದ ಬಗ್ಗೆ ಆಡಿದ ಮಾತು ಹೊಸ ಅಧಿನಿಯಮದ 26ನೇ ಕಲಮಿನಡಿ ಸಾಕ್ಷ್ಯವಾಗಬಲ್ಲದು. ಆದರೆ ಆ ಕಲಂ ವಕೀಲರ ಬಾಯಿಯ ಬೀಗ ತೆಗೆಯುವುದಿಲ್ಲ. ಅದೇ ಬೆದರಿಕೆಯ ವಿಷಯವನ್ನು ತಮ್ಮನಿಗೋ ಪಕ್ಕದ ಗದ್ದೆಯವರಿಗೋ ಹೇಳಿದ್ದರೆ, ಅವರನ್ನು ಹುಡುಕಿ.

ಗುಟ್ಟಿನ ಹೊರಗಿರುವ ಕಾಗದವೇ ಬೇಕಾದಷ್ಟಿರುತ್ತದೆ. ಎದುರಾಳಿಗೆ ಕಳಿಸಿದ ನೋಟೀಸಿನ ಪ್ರತಿ, ಅಂಚೆ ರಸೀದಿ, ಸ್ವೀಕೃತಿ ಚೀಟಿ. ಕೋರ್ಟಿಗೆ ಸಲ್ಲಿಸಿದ ದಾವಾಪತ್ರ, ಅಫಿಡವಿಟ್, ಪಾಟೀಸವಾಲು: ದಾವೆ ಸಂಖ್ಯೆ ಹಾಕಿ ನಕಲು ಅರ್ಜಿ ಕೊಟ್ಟು ದೃಢೀಕೃತ ಪ್ರತಿಯನ್ನೇ ಪಡೆಯಿರಿ, ಸಾದಾ ಜೆರಾಕ್ಸ್ ಕೊನೆಗೆ ಕೈಕೊಡುತ್ತದೆ. ಹಿಂದೆ ಠಾಣೆಗೆ ಕೊಟ್ಟ ದೂರು, ಅದಕ್ಕೆ ಬಂದ ಹಿಂಬರಹ. ಮೂಲ ಕ್ರಯಪತ್ರ ವಕೀಲರಲ್ಲಿದ್ದರೆ ರಸೀದಿ ಕೊಟ್ಟು ವಾಪಸ್ ಕೇಳಿ. ಫೀಸು ಬಾಕಿಯೆಂದು ಕಡತ ಹಿಡಿದಿಡುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

ಸತ್ತವನು ಶಂಕಿತನಾಗಿದ್ದರೆ ಲೆಕ್ಕ ಬೇರೆ. ‘ಕೊಂದಿದ್ದೇನೆ, ವಾದಿಸಿ’ ಎಂದದ್ದಕ್ಕೆ ರಕ್ಷಣೆಯಿದೆ; ‘ಸಾಕ್ಷಿಯನ್ನು ಮುಗಿಸಬೇಕು, ದಾರಿ ಹೇಳಿ’ ಎಂದದ್ದಕ್ಕಿಲ್ಲ. ಮಚ್ಚು ತಂದು ವಕೀಲರ ಕಪಾಟಿನಲ್ಲಿಟ್ಟರೆ ಅದು ಗುಟ್ಟಿನ ಮಾತಾಗುವುದಿಲ್ಲ. ಆರೋಪಿ ಪರ ವಕೀಲರಿಗೆ ಕೇಸಿನ ವಿವರ ಕೇಳಿ ಸಮನ್ಸ್ ಕೊಡಬೇಕಾದರೆ ಅದು 132ರ ರಕ್ಷಣೆಯಿಲ್ಲದ ಇಂಥ ವಿನಾಯಿತಿಯಾಗಿರಬೇಕು, ಎಸ್‌ಪಿ ದರ್ಜೆಗಿಂತ ಕೆಳಗಲ್ಲದ ಮೇಲಧಿಕಾರಿ ಕಾರಣ ಬರೆದು ಒಪ್ಪಿರಬೇಕು. ಇದು 2025ರ ಅಕ್ಟೋಬರ್‌ನ ಸುಪ್ರೀಂ ಕೋರ್ಟ್ ಆದೇಶ.

ಕೂಡಿಸಿದ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193(9)ರಡಿ ಮುಂದುವರಿದ ತನಿಖೆ ಕೋರಿ ಮನವಿ ಕೊಡಿ. ಒಂದು ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಳ್ಳಿ.