ಮನಸ್ಸಿಗೆ ಒಗ್ಗುವ ಪುಸ್ತಕ ಆರಿಸುವ ಬಗೆ

ಒಂದು ಪುಸ್ತಕ ತೆರೆದು ಹತ್ತು ಪುಟಕ್ಕೇ ಮುಚ್ಚಿ, ಇನ್ನೊಂದು ತೆಗೆದು ಅದನ್ನೂ ಬಿಡುವ ಸಂಜೆಗಳು ಓದುವವರಿಗೆಲ್ಲ ಗೊತ್ತು. ಆಗ ಬಹಳ ಮಂದಿ ವಿಷಯ ನೋಡಿ ಹುಡುಕುತ್ತಾರೆ: ದುಃಖವಿದ್ದರೆ ನಗಿಸುವುದು, ಬೇಸರವಿದ್ದರೆ ಪತ್ತೇದಾರಿ. ನಾನು ಮೊದಲು ನೋಡುವುದು ಪುಸ್ತಕದ ಕಟ್ಟನ್ನು, ಅಂದರೆ ಅದನ್ನು ಬರೆದಿರುವ ರೂಪವನ್ನು. ಈ ಹೊತ್ತಿನಲ್ಲಿ ಎಷ್ಟು ಹೆಸರು ನೆನಪಿನಲ್ಲಿ ನಿಲ್ಲುತ್ತವೆ, ಎಷ್ಟು ಉದ್ದದ ವಾಕ್ಯ ತಲೆಗೆ ಹೋಗುತ್ತದೆ, ಓದು ನಡುವೆ ನಿಂತರೆ ಎಳೆ ತಪ್ಪುತ್ತದೆಯೇ ಎಂಬುದನ್ನು ಕೇಳಿಕೊಂಡರೆ ಅರ್ಧ ಕಪಾಟು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.

ದುಃಖದಲ್ಲಿರುವವರಿಗೆ ಹಾಸ್ಯದ ಪುಸ್ತಕ ಕೊಡುವುದು ಹೆಚ್ಚಾಗಿ ಕೈಕೊಡುತ್ತದೆ. ನಗೆ ಹುಟ್ಟಬೇಕಾದರೆ ಮಾತಿನ ಎರಡನೇ ಅರ್ಥ ತಕ್ಷಣ ಹೊಳೆಯಬೇಕು. ಭಾರವಾದ ಮನಸ್ಸಿಗೆ ಆ ಚುರುಕು ಇರುವುದಿಲ್ಲ. ಅಂಥ ದಿನಗಳಿಗೆ ಪತ್ರ, ದಿನಚರಿ, ಬಿಡಿ ಪ್ರಬಂಧ ಒಗ್ಗುತ್ತವೆ. ಎಲ್ಲಿ ತೆರೆದರೂ ಆದೀತು, ಎಲ್ಲಿ ಬಿಟ್ಟರೂ ಆದೀತು. ಚಡಪಡಿಕೆಗೆ ನಾಟಕ ಒಳ್ಳೆಯದು, ಅದನ್ನೂ ಗಟ್ಟಿಯಾಗಿ ಓದಬೇಕು; ಬಾಯಿ ಓಡುತ್ತಿದ್ದಂತೆ ಕಣ್ಣು ಅದರ ಹಿಂದೆ ಹೋಗುತ್ತದೆ. ದಣಿದ ದಿನಕ್ಕೆ ಕಾಡು, ಗಿಡ, ಹಕ್ಕಿ, ಪ್ರವಾಸದ ಸರಳ ಗದ್ಯ ಸಾಕು. ಚಿಕ್ಕದೆಲ್ಲ ಹಗುರ ಎಂದುಕೊಳ್ಳಬೇಡಿ. ಮಂಕುತಿಮ್ಮನ ಕಗ್ಗದ ಪದ್ಯ ನಾಲ್ಕೇ ಸಾಲು, ಆದರೆ ಸಂಧಿ ಬಿಡಿಸಿ ಅರ್ಥ ಹಿಡಿಯಲು ಬೆಳಗಿನ ತಲೆ ಬೇಕು.

ದೊಡ್ಡ ಕಾದಂಬರಿಗೆ ಬೇಕಾದದ್ದು ಬಿಡುವು ಮತ್ತು ಸಮಾಧಾನ. ಚಿತ್ರದುರ್ಗದವರಿಗೆ ತ.ರಾ.ಸು. ಅವರ ದುರ್ಗಾಸ್ತಮಾನದ ಕೊನೆ ಮೊದಲೇ ಗೊತ್ತು: 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಆದ್ದರಿಂದ ಮುಂದೇನಾಗುತ್ತದೋ ಎಂಬ ಕುತೂಹಲ ಬಯಸುವ ದಿನ ಅದನ್ನು ಎತ್ತಿಕೊಂಡರೆ ನಿಧಾನವೆನಿಸಿ ಬಿಟ್ಟುಬಿಡುತ್ತೀರಿ. ಒಂದು ಸಂಕಟದ ಜೊತೆ ಬಹಳ ದಿನ ಇರಲು ಮನಸ್ಸು ಒಪ್ಪಿದಾಗ ಅದು ಇಡಿಯಾಗಿ ಹಿಡಿದುಕೊಳ್ಳುತ್ತದೆ. ಅರಮನೆಯವರು, ಹೈದರನ ಕಡೆಯವರು, ಮರಾಠರ ಕಡೆಯವರು ಎಂದು ಮೂರು ಸಾಲು ಮಾಡಿ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲೇ ಇಡಿ. ನಾಲ್ಕು ದಿನ ಬಿಟ್ಟು ತೆರೆದಾಗ ಹಿಂದಿನ ಪುಟ ತಡಕುವ ಕಷ್ಟ ತಪ್ಪುತ್ತದೆ. ದೊಡ್ಡ ಪುಸ್ತಕಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಈ ತಡಕಾಟದಲ್ಲೇ.

ಗ್ರಂಥಾಲಯದಲ್ಲಿ ಕಟ್ಟಿನ ಸುಳಿವು ಪುಸ್ತಕದ ಬೆನ್ನಿನ ಮೇಲೇ ಇರುತ್ತದೆ. ಪುಸ್ತಕಗಳನ್ನು ಅಂಕಿಗಳಿಂದ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದಿನ ಅಂಕಿ 1 ಇದ್ದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ, 6 ಪತ್ರ, 7 ಹಾಸ್ಯ. ಓದಿದ ಪುಸ್ತಕಗಳನ್ನು ಜನ ಎಲ್ಲೆಂದರಲ್ಲಿ ಇಟ್ಟು ಹೋಗುವುದರಿಂದ ಕಪಾಟಿನ ಫಲಕ ನಂಬದೆ ಬೆನ್ನಿನ ಚೀಟಿ ನೋಡಿ. ಹಿಂತಿರುಗಿ ಬಂದ ಪುಸ್ತಕಗಳ ಮೇಜನ್ನಂತೂ ಬಿಡಲೇಬೇಡಿ. ಯಾರೋ ಆರಿಸಿ ಮನೆಗೆ ಒಯ್ದಿದ್ದ ಪುಸ್ತಕಗಳು ಅಲ್ಲಿ ಸಿಗುತ್ತವೆ.

ಕೈಗೆ ತೆಗೆದುಕೊಂಡ ಮೇಲೆ ಮೊದಲ ಪುಟದಿಂದ ತೂಗಬೇಡಿ. ಲೇಖಕರು ಅದನ್ನು ಹೆಚ್ಚು ತಿದ್ದಿರುತ್ತಾರೆ. 40ನೇ ಪುಟದ ಸುತ್ತಮುತ್ತ ತೆರೆದು, ನಿಂತಲ್ಲೇ ಎರಡು ಪುಟ ಓದಿ. ಒಂದೇ ಸಾಲಿಗೆ ಎರಡು ಸಲ ಹಿಂದೆ ಹೋದರೆ ಈ ದಿನಕ್ಕೆ ಅದು ಬೇಡ. ಅಕ್ಷರದ ಗಾತ್ರವನ್ನೂ ನೋಡಿ: ಹಳೆಯ ಅಗ್ಗದ ಮುದ್ರಣಗಳಲ್ಲಿ ಒತ್ತಕ್ಷರ ಕಲಸಿಹೋಗಿರುತ್ತವೆ, ಕಣ್ಣಿನ ದಣಿವನ್ನು ನಾವು ಬೇಸರವೆಂದು ತಿಳಿಯುತ್ತೇವೆ.

ಹೊತ್ತಿನ ಲೆಕ್ಕವೂ ಮುಖ್ಯ. ಡೆಮಿ ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, ಪುಟಗಳನ್ನು ಗಂಟೆಗೆ 25ರಿಂದ 30 ಎಂದು ಹಿಡಿಯುತ್ತೇನೆ. ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸು ಸುಮಾರು 60 ಕಿಲೋಮೀಟರ್. ಕುಲುಕಾಟವನ್ನೂ ಸೇರಿಸಿಕೊಂಡರೆ ಒಂದು ಸಣ್ಣಕಥೆ ಮುಗಿದರೆ ಹೆಚ್ಚು. ದಾವಣಗೆರೆಯಿಂದ ಬೆಂಗಳೂರಿನ ರೈಲಿಗಾದರೆ 120 ಪುಟದ ಕಿರು ಕಾದಂಬರಿ ಸರಿಹೋಗುತ್ತದೆ.

ಇಷ್ಟೆಲ್ಲವನ್ನೂ ಮನಸ್ಸು ಸರಿಯಿದ್ದ ದಿನವೇ ಮಾಡಿಡಬೇಕು. ಕುಗ್ಗಿದ ಸಂಜೆ ಆರಿಸಲು ಕೂತರೆ ಯಾವುದೂ ರುಚಿಸುವುದಿಲ್ಲ. ಹಾಸಿಗೆಯ ಪಕ್ಕ ನಾಲ್ಕು ಪುಸ್ತಕ ಸಾಕು: ಒಂದು ಪ್ರಬಂಧ ಸಂಕಲನ, ಒಂದು ನಾಟಕ, ಒಂದು ಪ್ರವಾಸ ಅಥವಾ ಕಾಡಿನ ಬರಹ, ಒಂದು ದಪ್ಪ ಕಾದಂಬರಿ. ಬಿಟ್ಟ ಪುಸ್ತಕದ ಹೆಸರು, ಬಿಟ್ಟ ಪುಟ, ಆಗಿನ ಹೊತ್ತು ಮೂರನ್ನೂ ನೋಟುಬುಕ್ಕಿನಲ್ಲಿ ಗುರುತು ಹಾಕಿ. ರಾತ್ರಿ ಹತ್ತರ ಮೇಲೆ ಬಿಟ್ಟದ್ದನ್ನು ಭಾನುವಾರ ಬೆಳಿಗ್ಗೆ ಮತ್ತೊಮ್ಮೆ ತೆರೆಯಿರಿ. ಬೆಳಿಗ್ಗೆಯೂ ಬಿಟ್ಟಿದ್ದರೆ ಗ್ರಂಥಾಲಯಕ್ಕೆ ಹಿಂತಿರುಗಿಸಿ, ಅದೇ ಅಂಕಿಯ ಕಪಾಟಿನಿಂದ ಬೇರೊಂದು ತನ್ನಿ.