ರೊಟ್ಟಿ ಬಿಡಿಸಿ 8 ವಾರ: ಕ್ರೋನ್ಸ್ ಹುಡುಗನಿಗೆ ಇಇಎನ್ ಮಾಡ್ಸಿದ ನನ್ನ ಅನುಭವ

ಇಇಎನ್ ಅಂದ್ರೆ ಕ್ರೋನ್ಸ್ (ಕರುಳಿಗೆ ಉರಿಯೂತ ಬರೋ ಕಾಯಿಲೆ) ಇರೋ ಮಕ್ಕಳಿಗೆ ಊಟ ಪೂರ್ತಿ ಬಿಡಿಸಿ ವಾರಗಟ್ಟಲೆ ಫಾರ್ಮುಲಾ ಒಂದೇ ಕೊಡೋ ಚಿಕಿತ್ಸೆ. ಇದ್ರ ಹೆಸ್ರು ಎತ್ತಿದ್ರೆ ನಮ್ ಕಡೆ ಡಾಕ್ಟ್ರುಗಳೇ ನಗ್ತಿದ್ರು. "ಮೇಡಂ, ನಮ್ ಹುಡುಗ್ರು ಎರಡೇ ದಿನಕ್ಕೆ ಅನ್ನಸಾರು ಕೇಳ್ತಾವೆ, ಸ್ಟಿರಾಯ್ಡ್ ಹಾಕಿ ಮುಗ್ಸೋಣ". ಮೊದ್ಲ ಎರಡು ಕೇಸಲ್ಲಿ ಗೆದ್ದಿದ್ದೂ ಅವ್ರೇ. ಒಬ್ಳು 9ನೇ ದಿನಕ್ಕೆ ಬಿಟ್ಲು, ದೀಪಾವಳಿ ವಾರ, ಮನೇಲಿ ಚಕ್ಕುಲಿ ಕರೀತಿದ್ರು, ಆಗ ಶುರು ಮಾಡಿದ್ದು ನನ್ ದಡ್ಡತನ. ಇನ್ನೊಬ್ಬ ಎಲುಬಿನ ಗೂಡಾಗಿ ಬಂದಿದ್ದ, ಎರಡನೇ ದಿನಕ್ಕೇ ಫುಲ್ ಕ್ಯಾಲೊರಿ ಕೊಟ್ಬಿಟ್ಟೆ, ರಕ್ತದಲ್ಲಿ ಫಾಸ್ಫೇಟ್ ದಬಕ್ಕನೆ ಬಿತ್ತು (ಸೊರಗಿದ ಮೈಗೆ ಒಮ್ಮೆಲೇ ಜಾಸ್ತಿ ಆಹಾರ ಕೊಟ್ರೆ ಹೀಗಾಗುತ್ತೆ, ಅಪಾಯ), ಬೈಸ್ಕೊಂಡೆ. ಈಗ ಅಂಥ ಮಕ್ಕಳಿಗೆ ಅರ್ಧದಿಂದ ಶುರು, ದಿನಾ ಫಾಸ್ಫೇಟ್ ಟೆಸ್ಟ್, 5-6 ದಿನ ಬಿಟ್ಟೇ ಪೂರ್ತಿ.

ಮೂರನೆಯವ್ನು ಹಾವೇರಿ ಕಡೆ ಹುಡುಗ, 11 ವರ್ಷ, 23 ಕೆಜಿ. ಬೇರೆ ಕಡೆ ಟಿಬಿ ಅಂತ 6 ತಿಂಗಳು ಮಾತ್ರೆ ನುಂಗಿ ಬಂದಿದ್ದ, ಆಮೇಲೆ ಬಯಾಪ್ಸಿಲಿ ಕ್ರೋನ್ಸ್ ಅಂತಾಯ್ತು. ಅಜ್ಜಿ ನನ್ನ ಮುಂದೆನೇ ಕೂತು, "ಏನವಾ, ರೊಟ್ಟಿ ಬಿಡಿಸಿ ಪೌಡರ್ ನೀರು ಕುಡಿಸಿದ್ರ ಹುಡುಗ ಉಳೀತಾನೇನು?" ಅಂದ್ಳು.

ದಿನಕ್ಕೆ ಸುಮಾರು 1700 ಕ್ಯಾಲೊರಿ, ಅಂದ್ರೆ 400 ಗ್ರಾಂ ಡಬ್ಬಿ ಒಂದು ದಿನಕ್ಕೆ ಹೆಚ್ಚುಕಮ್ಮಿ ಖಾಲಿ. 680 ರೂಪಾಯಿ ಆಸುಪಾಸು, 56 ದಿನಕ್ಕೆ ಲೆಕ್ಕ ಹಾಕಿ, 38 ಸಾವಿರ! ಅಪ್ಪ ಬಾಡಿಗೆ ಟಂಟಂ ಓಡಿಸ್ತಾನೆ. ಸ್ಟಾಕಿಸ್ಟ್ ಹತ್ರ ನಾನೇ ಚೌಕಾಸಿ ಮಾಡಿ 33ಕ್ಕೆ ಇಳ್ಸಿದೆ. ಎಲಿಮೆಂಟಲ್ (ಪ್ರೋಟೀನ್ ಪೂರ್ತಿ ಒಡೆದಿರೋ) ಫಾರ್ಮುಲಾನೇ ಬೇಕು ಅಂತ ದುಡ್ಡು ಸುರೀಬೇಡಿ, ಸಾಮಾನ್ಯ ಪಾಲಿಮೆರಿಕ್ (ಪ್ರೋಟೀನ್ ಒಡೆಯದೆ ಇರೋದು) ಸಾಕು, ಕೆಲ್ಸ ಒಂದೇ. ದುಡ್ಡು ಉಳ್ಸೋಕೆ ಅಂತ ಅಕ್ಕಿ-ಹೆಸರುಬೇಳೆ-ಹಾಲಿನ ಪುಡಿ ರುಬ್ಬಿ ಮನೇಲೇ ಫೀಡ್ ಮಾಡಿ ನೋಡ್ದೆ, ಮೂಗಿಂದ ಹೊಟ್ಟೆಗೆ ಹಾಕೋ ಸಣ್ಣ ಟ್ಯೂಬ್ (8 ಫ್ರೆಂಚ್ ಸೈಜು) ಕಟ್ಕೊಂಡು ಕೂತ್ತು, ಕ್ಯಾಲೊರಿನೂ ಸಾಲ್ಲಿಲ್ಲ, ಮೂರೇ ದಿನಕ್ಕೆ ಬಿಟ್ಟೆ.

ಕೊನೆಗೆ ಟ್ಯೂಬೂ ಬೇಕಾಗ್ಲಿಲ್ಲ. ಫ್ರಿಜ್ಜಲ್ಲಿ ತಣ್ಣಗೆ ಮಾಡಿ, ಮುಚ್ಚಳ ಇರೋ ಲೋಟ, ಸ್ಟ್ರಾ, ವಾಸ್ನೆ ಮೂಗಿಗೆ ಬರ್ಬಾರ್ದು ಅಷ್ಟೇ. ಮನೆಯವ್ರು ಒಗ್ಗರಣೆ ಹಾಕೋದು ಅವ್ನು ಸ್ಕೂಲಿಗೆ ಹೋದ್ಮೇಲೆ. ಎರಡನೇ ವಾರದ ಹಟ ಹೆಂಗೆ ದಾಟ್ಸಿದೆ ಅನ್ನೋದು ಮಾತ್ರ ನನ್ನತ್ರನೇ ಇರ್ಲಿ.

8 ವಾರಕ್ಕೆ 26 ಕೆಜಿ ದಾಟಿದ, ಆಲ್ಬುಮಿನ್ (ರಕ್ತದ ಪ್ರೋಟೀನ್) 2.6 ಇದ್ದದ್ದು 3.7, ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರ್ಸೋ ಮಲದ ಟೆಸ್ಟ್) 1800 ಇದ್ದದ್ದು 200ರ ಹತ್ರ, ಒಂದೇ ಒಂದು ಸ್ಟಿರಾಯ್ಡ್ ಮಾತ್ರೆ ಇಲ್ದೆ. ನಕ್ಕಿದ್ದ ಡಾಕ್ಟ್ರೇ ಮುಂದಿನ ಮಗು ಕಳ್ಸಿದ್ರು, ಆದ್ರೆ ಅದು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಬೇರೆ ಉರಿಯೂತದ ಕಾಯಿಲೆ), ಅದಕ್ಕೆ ಇದು ನಾಟೋದಿಲ್ಲ ಅಂತ ವಾಪಸ್ ಕಳಿಸ್ದೆ.

ಆಮೇಲೆ ಹಾವೇರಿ ಹುಡುಗನಿಗೆ ಸಿಡಿಇಡಿ (ಕ್ರೋನ್ಸ್‌ಗೆ ಅಂತಲೇ ಮಾಡಿರೋ, ಕೆಲವು ಆಹಾರ ಬಿಡಿಸೋ ಪಥ್ಯ) ಟ್ರೈ ಮಾಡೋಣ ಅನ್ಕೊಂಡ್ರೆ ಅದ್ರಲ್ಲಿ ಕೋಳಿ, ಮೊಟ್ಟೆ ದಿನಾ ಕಡ್ಡಾಯ, ಇವ್ರದ್ದು ಲಿಂಗಾಯತ ಮನೆ. ಪನೀರ್ ಇಡೋಣ ಅಂದ್ರೆ ಹಾಲಿನ ಐಟಮ್ ನಿಷೇಧ. ಸದ್ಯ ಅರ್ಧ ಫಾರ್ಮುಲಾ, ಅರ್ಧ ಅನ್ನ-ಆಲೂಗಡ್ಡೆ-ಬಾಳೆಹಣ್ಣು, ಜೊತೆಗೆ ಡಾಕ್ಟ್ರು ಶುರು ಮಾಡಿದ ಅಜಥಯೊಪ್ರಿನ್ (ಕಾಯಿಲೆ ಮತ್ತೆ ಕೆರಳದಂಗೆ ಇಮ್ಯುನಿಟಿ ತಗ್ಗಿಸೋ ಮಾತ್ರೆ). ರೊಟ್ಟಿ ಯಾವಾಗ ಅಂತ ಅಜ್ಜಿ ಪ್ರತೀ ಓಪಿಡಿಗೂ ಬಂದು ಕೇಳ್ತಾಳೆ.